ಹಾರ್ಡ್ ಡಿಸ್ಕಿಗೆ ವಿಶ್ರಾಂತಿ ಎಷ್ಟು ಬೇಕು?

ಯಂತ್ರಕ್ಕೆ ಕೆಲಸ ಕಡಮೆಯಾದಷ್ಟೂ ಅದು ಹೆಚ್ಚು ಕಾಲ ಬಾಳುವುದೆಂದು ನಾವೆಲ್ಲರೂ ನಂಬಿರುವೆವು. ಮೆಟ್ಟದ ಚಪ್ಪಲಿ ಸವೆಯುವುದಿಲ್ಲ. ಓಡದ ಗಾಡಿಯ ಅಚ್ಚು ತೇಯುವುದಿಲ್ಲ. ಆದುದರಿಂದ ಮನೆಯಲ್ಲಿ ಹಳೆಯ ಕಂಪ್ಯೂಟರೊಂದಿದ್ದರೆ, ಬಿಡುವು ದೊರೆತಾಗಲೆಲ್ಲ ಅದರ ಹಾರ್ಡ್ ಡಿಸ್ಕನ್ನು ನಿಲ್ಲಿಸಿಬಿಡುವುದೇ ಜಾಣತನವೆಂದು ತೋರುವುದು ಸಹಜ. ವಿದ್ಯುಚ್ಛಕ್ತಿಯೂ ಉಳಿಯಿತು, ಯಂತ್ರವೂ ಉಳಿಯಿತು ಎಂದು ನಾವು ಸಂತೋಷಪಡುವೆವು. ಆದರೆ ಈ ನಂಬಿಕೆಯಲ್ಲಿ ಅರ್ಧ ಮಾತ್ರ ನಿಜವಿದೆ. ಕೆಲವು ಯಂತ್ರಗಳಿಗೆ ಓಡುವುದಕ್ಕಿಂತಲೂ ಹೊರಡುವುದು ಮತ್ತು ನಿಲ್ಲುವುದು ಹೆಚ್ಚು ಶ್ರಮದ ಕೆಲಸ. ಹಾರ್ಡ್ ಡಿಸ್ಕು ಅಂಥ ಯಂತ್ರಗಳಲ್ಲೊಂದು.

ಈಗ ಮಾರಾಟವಾಗುವ ಹೊಸ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಸುತ್ತುವ ತಟ್ಟೆಯಿಲ್ಲದ ಎಸ್‌ಎಸ್‌ಡಿ ಎಂಬ ಸಾಧನವಿರುವುದು ನಿಜ. ಆದರೂ ವಿದ್ಯಾರ್ಥಿಗಳ ಕೈಗೆ ಬರುವ ಹಳೆಯ ಕಂಪ್ಯೂಟರುಗಳಲ್ಲಿ ಹಾರ್ಡ್ ಡಿಸ್ಕು ಇನ್ನೂ ತಿರುಗುತ್ತಲೇ ಇದೆ. ಮೂರು ವರ್ಷದ ಪಾಠದ ಟಿಪ್ಪಣಿಗಳು, ಪ್ರಾಯೋಗಿಕ ತರಗತಿಯ ವರದಿಗಳು, ಮನೆಮಂದಿಯ ಛಾಯಾಚಿತ್ರಗಳು ಎಲ್ಲವೂ ಆ ತಟ್ಟೆಯ ಮೇಲಿರುವುವು. ಡಿಸ್ಕು ಕೆಟ್ಟರೆ ಅಂಗಡಿಯಿಂದ ಬೇರೊಂದನ್ನು ತರಬಹುದು. ಅದರ ಮೇಲಿದ್ದ ಬರಹವನ್ನು ತರಲಾಗದು. ಆದಕಾರಣ ಅದರ ಸವೆತದ ಬಗೆಯನ್ನು ತಿಳಿದು, ಅದಕ್ಕೆ ಎಷ್ಟು ವಿಶ್ರಾಂತಿ ಕೊಡಬೇಕೆಂಬುದನ್ನು ಲೆಕ್ಕಹಾಕಿ ನೋಡೋಣ.

ತಟ್ಟೆಯೂ ತಲೆಯೂ

ಮೊತ್ತಮೊದಲನೆಯ ಹಾರ್ಡ್ ಡಿಸ್ಕನ್ನು ಅಮೆರಿಕದ ಐಬಿಎಂ ಸಂಸ್ಥೆಯು ೧೯೫೬ರಲ್ಲಿ ಹೊರತಂದಿತು. ಅದರಲ್ಲಿ ೨೪ ಅಂಗುಲ ವ್ಯಾಸದ ೫೦ ತಟ್ಟೆಗಳು ಒಂದೇ ಅಚ್ಚಿನ ಮೇಲೆ ನಿಮಿಷಕ್ಕೆ ೧,೨೦೦ ಸುತ್ತು ತಿರುಗುತ್ತಿದ್ದುವು. ಅಷ್ಟೆಲ್ಲ ಸೇರಿ ಹಿಡಿಸುತ್ತಿದ್ದುದು ೫೦ ಲಕ್ಷ ಅಕ್ಷರಗಳನ್ನು ಮಾತ್ರ. ಗಾತ್ರವು ಅಂಗೈಯಷ್ಟಕ್ಕೆ ಇಳಿದಿದ್ದರೂ ಮೂಲತತ್ತ್ವವು ಇಂದಿಗೂ ಅದೇ. ನುಣುಪಾದ ತಟ್ಟೆಯ ಮೇಲೆ ಕಾಂತಗುಣವುಳ್ಳ ತೆಳುವಾದ ಲೇಪವಿರುವುದು. ತಟ್ಟೆ ಸುತ್ತುತ್ತಿರುವಾಗ, ತೋಳಿನ ತುದಿಯಲ್ಲಿರುವ ಸಣ್ಣ ತಲೆಯೊಂದು ಆ ಲೇಪದ ಚುಕ್ಕೆಗಳನ್ನು ಒಂದು ದಿಕ್ಕಿಗೋ ಮತ್ತೊಂದು ದಿಕ್ಕಿಗೋ ಕಾಂತೀಕರಿಸಿ ಬರೆಯುವುದು. ಅವನ್ನೇ ಗುರುತಿಸಿ ಓದುವುದು.

ಲ್ಯಾಪ್‌ಟಾಪಿನ ಡಿಸ್ಕಿನಲ್ಲಿ ತಟ್ಟೆಯ ವ್ಯಾಸ ಸುಮಾರು ೬೫ ಮಿಲಿಮೀಟರು. ವೇಗ ಸಾಮಾನ್ಯವಾಗಿ ನಿಮಿಷಕ್ಕೆ ೫,೪೦೦ ಸುತ್ತು, ಎಂದರೆ ಸೆಕೆಂಡಿಗೆ ೯೦ ಸುತ್ತು. ಅಂಚಿನ ಸುತ್ತಳತೆ ಸುಮಾರು ೨೦೪ ಮಿಲಿಮೀಟರು. ಇವೆರಡನ್ನೂ ಗುಣಿಸಿದರೆ ಅಂಚಿನ ವೇಗ ಸೆಕೆಂಡಿಗೆ ೧೮ ಮೀಟರಿಗೂ ಮಿಗಿಲಾಗಿ, ಗಂಟೆಗೆ ಸುಮಾರು ೬೬ ಕಿಲೋಮೀಟರು ಬರುವುದು. ಮೇಜಿನ ಕಂಪ್ಯೂಟರಿನಲ್ಲಿ ೯೫ ಮಿಲಿಮೀಟರಿನ ತಟ್ಟೆ ನಿಮಿಷಕ್ಕೆ ೭,೨೦೦ ಸುತ್ತು ತಿರುಗುವುದು. ಅಲ್ಲಿ ಈ ವೇಗ ಗಂಟೆಗೆ ಸುಮಾರು ೧೨೯ ಕಿಲೋಮೀಟರು.

ಇಷ್ಟು ವೇಗದ ತಟ್ಟೆಗೆ ತಲೆಯು ತಗಲಿಕೊಂಡಿದ್ದರೆ ಕ್ಷಣದಲ್ಲಿ ಎರಡೂ ಹಾಳಾಗುತ್ತಿದ್ದುವು. ತಟ್ಟೆಯು ತನ್ನೊಡನೆ ಎಳೆದೊಯ್ಯುವ ಗಾಳಿಯು ತಲೆಯ ಅಡಿಯಲ್ಲಿ ನುಗ್ಗಿ ಅದನ್ನು ಎತ್ತಿಹಿಡಿಯುವುದರಿಂದ ತಲೆಯು ತೇಲುತ್ತಿರುವುದು. ಇವೆರಡರ ನಡುವಣ ಅಂತರ ಕೆಲವೇ ನ್ಯಾನೋಮೀಟರು. ನಮ್ಮ ಕೂದಲಿನ ದಪ್ಪವು ಹತ್ತಾರು ಸಾವಿರ ನ್ಯಾನೋಮೀಟರು ಎಂಬುದನ್ನು ನೆನೆದರೆ ಈ ಸೂಕ್ಷ್ಮತೆ ಮನಸ್ಸಿಗೆ ಬರುವುದು. ಹೊಗೆಯ ಒಂದು ಕಣವೂ ಆ ಸಂದಿಯಲ್ಲಿ ಹಿಡಿಸದು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ತಲೆಯನ್ನು ಎತ್ತಿಹಿಡಿಯುವ ಗಾಳಿಯ ಹಾಸಿಗೆ ಇರುವುದು ತಟ್ಟೆ ತಿರುಗುವವರೆಗೆ ಮಾತ್ರ. ತಟ್ಟೆ ನಿಂತರೆ ಹಾಸಿಗೆಯೂ ಇಲ್ಲ. ಆಗ ತಲೆಯು ಎಲ್ಲಿಗೆ ಹೋಗಬೇಕು?

ತಲೆಗೆ ತಂಗುದಾಣ

ಇದಕ್ಕೆ ಎರಡು ಉಪಾಯಗಳಿವೆ. ಹಳೆಯ ಡಿಸ್ಕುಗಳಲ್ಲಿ ತಟ್ಟೆಯ ಒಳಅಂಚಿನಲ್ಲಿ ಬರಹವಿಲ್ಲದ ಒಂದು ಪಟ್ಟಿಯನ್ನು ಬಿಟ್ಟಿರುವರು. ತಟ್ಟೆ ನಿಧಾನವಾಗುತ್ತಿದ್ದಂತೆ ತಲೆಯು ಆ ಪಟ್ಟಿಯ ಮೇಲೆ ಇಳಿದು, ಸ್ವಲ್ಪ ದೂರ ಉಜ್ಜುತ್ತ ಹೋಗಿ ನಿಲ್ಲುವುದು. ಮತ್ತೆ ಹೊರಡುವಾಗಲೂ ವೇಗ ಬರುವವರೆಗೆ ಉಜ್ಜಿಯೇ ಮೇಲೇಳಬೇಕು. ಎರಡನೆಯ ಉಪಾಯದಲ್ಲಿ ತಟ್ಟೆಯ ಪಕ್ಕದಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ಇಳಿಜಾರೊಂದಿರುವುದು. ಕೆಲಸವಿಲ್ಲದಾಗ ತೋಳು ತಲೆಯನ್ನು ತಟ್ಟೆಯಿಂದ ಪೂರ್ತಿಯಾಗಿ ಹೊರಕ್ಕೆ ತಂದು ಆ ಇಳಿಜಾರಿನ ಮೇಲೆ ಏರಿಸಿ ನಿಲ್ಲಿಸುವುದು. ಲ್ಯಾಪ್‌ಟಾಪುಗಳ ಡಿಸ್ಕುಗಳು ಬಹುಮಟ್ಟಿಗೆ ಈ ಎರಡನೆಯ ಬಗೆಯವು. ಲ್ಯಾಪ್‌ಟಾಪು ಅಲುಗಾಡಿದರೂ, ಕೈಜಾರಿ ಬಿದ್ದರೂ, ಹೊರಗೆ ತಂಗಿದ ತಲೆಯು ತಟ್ಟೆಯನ್ನು ಗೀರಲಾರದೆಂಬುದು ಇದರ ದೊಡ್ಡ ಗುಣ.

ವಿದ್ಯುತ್ತು ಇದ್ದಕ್ಕಿದ್ದಂತೆ ಹೋದರೆ ತಲೆಯನ್ನು ಹೊರತರುವವರು ಯಾರು? ತಟ್ಟೆಯೇ. ವಿದ್ಯುತ್ತು ಹೋದರೂ ತಟ್ಟೆಯು ಜಡತ್ವದಿಂದ ಕೆಲವು ಕ್ಷಣ ಸುತ್ತುತ್ತಿರುವುದು. ಆಗ ಅದನ್ನು ತಿರುಗಿಸುತ್ತಿದ್ದ ಮೋಟಾರೇ ಡೈನಮೋ ಆಗಿ ಮಾರ್ಪಟ್ಟು, ಹುಟ್ಟಿದ ಅಲ್ಪ ವಿದ್ಯುತ್ತಿನಿಂದ ತೋಳನ್ನು ಎಳೆದುಕೊಳ್ಳುವುದು. ಫ್ಯಾರಡೆಯ ನಿಯಮವನ್ನು ಪುಸ್ತಕದಲ್ಲಿ ಓದುವ ವಿದ್ಯಾರ್ಥಿಯ ಮೇಜಿನ ಮೇಲೆಯೇ ಆ ನಿಯಮವು ಹೀಗೆ ಬರಹವನ್ನು ಕಾಪಾಡುತ್ತಿರುವುದು. ಆದರೆ ಇದು ಅವಸರದ ಎಳೆತ. ಎಂದಿನ ನಿಲುಗಡೆಗಿಂತ ಒರಟು. ಪದೇಪದೇ ವಿದ್ಯುತ್ತು ಹೋಗುವ ಊರುಗಳಲ್ಲಿ ಮೇಜಿನ ಕಂಪ್ಯೂಟರಿಗೆ ಯುಪಿಎಸ್ ಇದ್ದರೆ ಮೇಲೆಂಬುದಕ್ಕೆ ಇದೂ ಒಂದು ಕಾರಣ.

ಸವೆತ ಯಾವಾಗ?

ಇನ್ನು ಬೇರಿಂಗಿನ ವಿಚಾರ. ಕಳೆದ ಎರಡು ದಶಕಗಳ ಡಿಸ್ಕುಗಳಲ್ಲಿ ಅಚ್ಚು ತಿರುಗುವುದು ಗುಂಡುಗಳ ಮೇಲಲ್ಲ, ಎಣ್ಣೆಯ ತೆಳುಪೊರೆಯ ಮೇಲೆ. ಪೂರ್ಣವೇಗದಲ್ಲಿ ಈ ಪೊರೆಯ ಒತ್ತಡವೇ ಅಚ್ಚನ್ನು ನಡುವೆ ಹಿಡಿದಿರುವುದರಿಂದ ಲೋಹಕ್ಕೆ ಲೋಹ ತಾಗುವುದಿಲ್ಲ. ವೇಗ ಕಡಮೆಯಿದ್ದಾಗ, ಎಂದರೆ ಹೊರಡುವಾಗಲೂ ನಿಲ್ಲುವಾಗಲೂ, ಆ ಪೊರೆಗೆ ಬಲ ಸಾಲದು. ಆಗ ಅಲ್ಪಸ್ವಲ್ಪ ಸ್ಪರ್ಶವಾಗುವುದು. ಮೋಟಾರಿಗೂ ಹೊರಡುವಾಗಲೇ ಭಾರ ಹೆಚ್ಚು. ತಟ್ಟೆ ತಣ್ಣಗಾಗಿ ಮತ್ತೆ ಬಿಸಿಯಾಗುವಾಗ ಭಾಗಗಳು ಕುಗ್ಗಿ ಹಿಗ್ಗುವುವು.

ಆದುದರಿಂದ ತಯಾರಕರು ಡಿಸ್ಕಿನ ಬಾಳಿಕೆಯನ್ನು ಗಂಟೆಗಳಲ್ಲಿ ಮಾತ್ರವಲ್ಲದೆ ಆವೃತ್ತಿಗಳಲ್ಲಿಯೂ ಹೇಳುವರು. ಪಟ್ಟಿಯ ಮೇಲೆ ಇಳಿಯುವ ಬಗೆಯ ಡಿಸ್ಕಿಗೆ ಸಾಮಾನ್ಯವಾಗಿ ೫೦,೦೦೦ ಸಲ ಹೊರಟು ನಿಲ್ಲುವ ಶಕ್ತಿಯಿರುವುದೆಂದೂ, ಇಳಿಜಾರಿನ ಬಗೆಗೆ ೩,೦೦,೦೦೦ ಅಥವಾ ೬,೦೦,೦೦೦ ಸಲ ತಲೆಯನ್ನು ಇಳಿಸಿ ಏರಿಸುವ ಶಕ್ತಿಯಿರುವುದೆಂದೂ ವಿವರಪತ್ರಗಳಲ್ಲಿ ಕಾಣಬಹುದು. ಸಂಖ್ಯೆ ಮುಗಿದ ದಿನವೇ ಡಿಸ್ಕು ಸಾಯುವುದೆಂದಲ್ಲ. ಅಲ್ಲಿಯವರೆಗೆ ತಾಳುವಂತೆ ಅದನ್ನು ರಚಿಸಿದ್ದಾರೆ ಎಂದರ್ಥ.

ಎರಡು ಬಗೆಯ ವಿಶ್ರಾಂತಿಗಳನ್ನು ಇಲ್ಲಿ ಬೇರ್ಪಡಿಸಬೇಕು. ಒಂದು, ತಟ್ಟೆ ತಿರುಗುತ್ತಿದ್ದು ತಲೆ ಮಾತ್ರ ತಂಗುವುದು. ಇನ್ನೊಂದು, ತಟ್ಟೆಯೂ ನಿಲ್ಲುವುದು. ಮೊದಲನೆಯದು ನಮಗೆ ‘ಟಕ್’ ಎಂಬ ಸಣ್ಣ ಸದ್ದಿನಿಂದ ಮಾತ್ರ ತಿಳಿಯುವುದು. ಅದು ಕೆಲವು ಡಿಸ್ಕುಗಳಲ್ಲಿ ಬಹಳ ಬೇಗನೆ ನಡೆಯುವುದುಂಟು. ಶಕ್ತಿಯ ಮಿತವ್ಯಯಕ್ಕೆಂದು ತಯಾರಾದ ಕೆಲವು ಡಿಸ್ಕುಗಳಲ್ಲಿ ೮ ಸೆಕೆಂಡು ಕೆಲಸವಿಲ್ಲದಿದ್ದರೆ ಸಾಕು, ತಲೆ ತಂಗಿಬಿಡುತ್ತಿತ್ತು. ೨೦೦೭ರ ಸುಮಾರಿಗೆ ಲಿನಕ್ಸ್ ಬಳಸುವ ಲ್ಯಾಪ್‌ಟಾಪಿನವರಲ್ಲಿ ಈ ವಿಚಾರ ದೊಡ್ಡ ಚರ್ಚೆಯಾಯಿತು. ತಲೆ ತಂಗುವುದು, ಮರುಕ್ಷಣವೇ ಯಾವುದೋ ಸಣ್ಣ ಬರಹಕ್ಕಾಗಿ ಮತ್ತೆ ಹೊರಬರುವುದು, ಹೀಗೆ ದಿನವಿಡೀ ನಡೆಯುತ್ತಿದ್ದುದನ್ನು ಅವರು ಎಣಿಸಿ ತೋರಿಸಿದರು.

ಲೆಕ್ಕ ಹೇಳುವ ಕಥೆ

ತಲೆಯು ೩೦ ಸೆಕೆಂಡಿಗೊಮ್ಮೆ ತಂಗುವುದೆಂದು ಇಟ್ಟುಕೊಳ್ಳೋಣ. ಗಂಟೆಗೆ ೧೨೦ ಸಲವಾಯಿತು. ೩,೦೦,೦೦೦ವನ್ನು ೧೨೦ರಿಂದ ಭಾಗಿಸಿದರೆ ೨,೫೦೦ ಗಂಟೆ. ದಿನಕ್ಕೆ ೫ ಗಂಟೆ ಬಳಸುವ ವಿದ್ಯಾರ್ಥಿಗೆ ಇದು ೫೦೦ ದಿನ. ಒಂದೂವರೆ ವರ್ಷವೂ ತುಂಬದು. ಅದೇ ಗಂಟೆಗೆ ೧೦ ಸಲ ಮಾತ್ರವಾದರೆ ೩೦,೦೦೦ ಗಂಟೆ, ೬,೦೦೦ ದಿನ, ೧೬ ವರ್ಷ!

ಪೂರ್ತಿ ನಿಲ್ಲಿಸುವ ಲೆಕ್ಕವೂ ಹೀಗೆಯೇ. ೩ ನಿಮಿಷದ ಬಿಡುವಿಗೇ ನಿಲ್ಲುವಂತೆ ಮಾಡಿದರೆ ಗಂಟೆಗೆ ಹೆಚ್ಚೆಂದರೆ ೨೦ ಸಲ, ೮ ಗಂಟೆಗೆ ೧೬೦ ಸಲ. ೫೦,೦೦೦ದ ಆಯುಸ್ಸು ಒಂದು ವರ್ಷದೊಳಗೆ ತೀರಬಹುದು. ೨೦ ನಿಮಿಷದ ಬಿಡುವಿಗೆ ನಿಲ್ಲುವಂತೆ ಮಾಡಿದರೆ ಗಂಟೆಗೆ ಹೆಚ್ಚೆಂದರೆ ೩ ಸಲ. ಅದೇ ಆಯುಸ್ಸು ಐದೂವರೆ ವರ್ಷಕ್ಕೂ ಮಿಗಿಲಾಗಿ ಬರುವುದು.

ಇದರಿಂದ ಉಳಿಯುವ ವಿದ್ಯುತ್ತೆಷ್ಟು? ಮೇಜಿನ ಕಂಪ್ಯೂಟರಿನ ಡಿಸ್ಕು ಸುಮ್ಮನೆ ತಿರುಗುತ್ತಿರಲು ಸುಮಾರು ೫ ವಾಟು ಬೇಕು. ಹೊರಡುವಾಗ ೧೨ ವೋಲ್ಟಿನಲ್ಲಿ ಸುಮಾರು ೨ ಆಂಪಿಯರು, ಎಂದರೆ ೨೪ ವಾಟು. ೧೦ ಸೆಕೆಂಡಿಗೆ ೨೪೦ ಜೂಲು. ಇದನ್ನು ೫ರಿಂದ ಭಾಗಿಸಿದರೆ ೪೮ ಸೆಕೆಂಡು. ಒಂದು ನಿಮಿಷಕ್ಕಿಂತ ಕಡಮೆ ಕಾಲ ನಿಲ್ಲಿಸಿದರೆ ಲಾಭವೇ ಇಲ್ಲವೆಂದಾಯಿತು. ದಿನಕ್ಕೆ ೪ ಗಂಟೆ ನಿಲ್ಲಿಸಿದರೂ ವರ್ಷಕ್ಕೆ ಉಳಿಯುವುದು ಸುಮಾರು ೭ ಯೂನಿಟ್ಟು. ಯೂನಿಟ್ಟಿಗೆ ೭ ರೂಪಾಯಿಯೆಂದು ಹಿಡಿದರೆ ಐವತ್ತು ರೂಪಾಯಿ! ಹೊಸ ಡಿಸ್ಕಿನ ಬೆಲೆಯ ಮುಂದೆ ಇದು ಎಷ್ಟರದು?

ಲ್ಯಾಪ್‌ಟಾಪಿನ ಡಿಸ್ಕಿನ ಖರ್ಚು ಇನ್ನೂ ಅಲ್ಪ. ೪೫ ವಾಟ್-ಗಂಟೆಯ ಬ್ಯಾಟರಿಯಿದ್ದು ಯಂತ್ರಕ್ಕೆ ೧೫ ವಾಟು ಬೇಕಾದರೆ ೩ ಗಂಟೆ ನಡೆಯುವುದು. ಡಿಸ್ಕನ್ನು ಸದಾ ನಿಲ್ಲಿಸಿ ೦.೬ ವಾಟು ಉಳಿಸಿದರೂ ಹೆಚ್ಚುವುದು ಏಳೆಂಟು ನಿಮಿಷ ಮಾತ್ರ.

ಏನು ಮಾಡಬೇಕು?

ವಿಂಡೋಸ್ ಕಂಪ್ಯೂಟರಿನಲ್ಲಿ ಕಂಟ್ರೋಲ್ ಪ್ಯಾನೆಲಿನ ‘ಪವರ್ ಆಪ್ಷನ್ಸ್’ ಎಂಬಲ್ಲಿಗೆ ಹೋಗಿ, ಮುಂದುವರಿದ ಆಯ್ಕೆಗಳಲ್ಲಿ ‘ಹಾರ್ಡ್ ಡಿಸ್ಕ್’ ಎಂಬುದನ್ನು ತೆರೆದರೆ, ಎಷ್ಟು ನಿಮಿಷದ ಬಿಡುವಿಗೆ ತಟ್ಟೆ ನಿಲ್ಲಬೇಕೆಂದು ಗೊತ್ತುಮಾಡಬಹುದು. ೨೦ ನಿಮಿಷಕ್ಕಿಂತ ಕಡಮೆ ಮಾಡದಿರುವುದು ಲೇಸು. ಗಂಟೆಗಟ್ಟಲೆ ಸುಮ್ಮನಿರುವ ಎರಡನೆಯ ಡಿಸ್ಕಿದ್ದರೆ ಅದು ನಿಲ್ಲುವುದರಿಂದ ಹಾನಿಯಿಲ್ಲ.

ಲಿನಕ್ಸಿನಲ್ಲಿ ‘ಎಚ್‌ಡಿಪಾರ್ಮ್’ ಎಂಬ ಆಜ್ಞೆಯಿದೆ. ಅದರ ದೊಡ್ಡಕ್ಷರದ ‘ಬಿ’ ಆಯ್ಕೆಗೆ ೧ರಿಂದ ೨೫೪ರವರೆಗಿನ ಸಂಖ್ಯೆ ಕೊಡಬಹುದು. ೧೨೭ರವರೆಗೆ ತಟ್ಟೆ ನಿಲ್ಲಲು ಅಪ್ಪಣೆಯಿರುವುದು. ೧೨೮ರಿಂದ ಮೇಲೆ ಇರುವುದಿಲ್ಲ. ೨೫೪ ಕೊಟ್ಟರೆ ತಲೆ ತಂಗುವುದೂ ಬಹಳ ಮಟ್ಟಿಗೆ ಕಡಮೆಯಾಗುವುದು. ೨೫೫ ಎಂದರೆ, ಡಿಸ್ಕು ಒಪ್ಪಿದರೆ, ಈ ವ್ಯವಸ್ಥೆಯನ್ನೇ ಕೈಬಿಟ್ಟಂತೆ. ದೊಡ್ಡಕ್ಷರದ ‘ಎಸ್’ ಆಯ್ಕೆಯು ತಟ್ಟೆ ನಿಲ್ಲುವ ಹೊತ್ತಿಗೆ ಸಂಬಂಧಿಸಿದ್ದು. ಅಲ್ಲಿ ೨೪೦ರವರೆಗೆ ಒಂದೊಂದು ಅಂಕಕ್ಕೂ ೫ ಸೆಕೆಂಡು. ೨೪೦ ಎಂದರೆ ೨೦ ನಿಮಿಷ. ಅನೇಕ ಡಿಸ್ಕುಗಳು ವಿದ್ಯುತ್ತು ಹೋದೊಡನೆ ಈ ಸಂಖ್ಯೆಗಳನ್ನು ಮರೆತುಬಿಡುವುದರಿಂದ, ಪ್ರತಿ ಸಲವೂ ತಾನಾಗಿ ಅನ್ವಯವಾಗುವಂತೆ ಬರೆದಿಡಬೇಕು.

ಒಂದು ಎಚ್ಚರಿಕೆ. ಬಸ್ಸಿನಲ್ಲಿಯೋ ತೊಡೆಯ ಮೇಲೆಯೋ ಬಳಸುವ ಲ್ಯಾಪ್‌ಟಾಪಿನಲ್ಲಿ ತಲೆ ತಂಗುವುದನ್ನು ಪೂರ್ತಿ ತಡೆಯಬಾರದು. ಅಲ್ಲಿ ಅದು ರಕ್ಷಾಕವಚ. ಮೇಜಿನ ಮೇಲೆ ನೆಲೆನಿಂತ ಯಂತ್ರಕ್ಕೆ ಮಾತ್ರ ಈ ಉಪಾಯ ಸಲ್ಲುವುದು.

ಎಬ್ಬಿಸುವವರನ್ನು ಕಡಮೆಮಾಡುವುದು ಇದಕ್ಕಿಂತಲೂ ಒಳ್ಳೆಯ ದಾರಿ. ಮಲಗಿದವನನ್ನು ಗಳಿಗೆಗೊಮ್ಮೆ ಎಬ್ಬಿಸಿದರೆ ಅದು ನಿದ್ದೆಯೇ ಅಲ್ಲ. ತೆರೆದಿಟ್ಟು ಮರೆತ ಪ್ರೋಗ್ರಾಮುಗಳು ಸದ್ದಿಲ್ಲದೆ ಡಿಸ್ಕಿಗೆ ಬರೆಯುತ್ತಿರುವುವು. ರ್‍ಯಾಮ್ ಸಾಲದಿದ್ದಾಗಲೂ ಕಂಪ್ಯೂಟರು ಡಿಸ್ಕನ್ನೇ ಹೆಚ್ಚುವರಿ ಸ್ಮೃತಿಯಾಗಿ ಬಳಸುವುದು. ಬೇಡದವನ್ನು ಮುಚ್ಚುವುದು, ಸಾಧ್ಯವಾದರೆ ರ್‍ಯಾಮ್ ಹೆಚ್ಚಿಸುವುದು, ಇವೆರಡರಿಂದ ಡಿಸ್ಕಿಗೆ ದೊರೆಯುವ ವಿಶ್ರಾಂತಿಯು ನಿಜವಾದ ವಿಶ್ರಾಂತಿ.

ಡಿಸ್ಕು ಬರೆದಿಡುವ ದಿನಚರಿ

ಡಿಸ್ಕು ತನ್ನ ಆಯುಸ್ಸಿನ ಲೆಕ್ಕವನ್ನು ತಾನೇ ಇಟ್ಟುಕೊಂಡಿರುವುದು. ಇದಕ್ಕೆ ‘ಸ್ಮಾರ್ಟ್’ ಎಂದು ಹೆಸರು. ‘ಸ್ಮಾರ್ಟ್‌ಸಿಟಿಎಲ್’ ಎಂಬ ಆಜ್ಞೆಯಿಂದ ಅದನ್ನು ಓದಬಹುದು. ೪ನೆಯ ಸಾಲು ಹೊರಟು ನಿಂತ ಸಂಖ್ಯೆ. ೯ನೆಯದು ನಡೆದ ಗಂಟೆಗಳು. ೧೯೩ನೆಯದು ತಲೆ ತಂಗಿದ ಸಂಖ್ಯೆ. ೫ನೆಯದು ಕೆಟ್ಟ ಭಾಗಗಳಿಗೆ ಬದಲಾಗಿ ಬೇರೆ ಜಾಗ ಕೊಟ್ಟ ಲೆಕ್ಕ. ೧೯೭ನೆಯದು ಓದಲು ಕಷ್ಟವಾಗಿ ತೀರ್ಮಾನಕ್ಕೆ ಕಾದಿರುವ ಭಾಗಗಳು. ಕೊನೆಯ ಎರಡು ಸೊನ್ನೆಯಾಗಿರುವುದು ಆರೋಗ್ಯದ ಲಕ್ಷಣ.

ಆದರೆ ಈ ದಿನಚರಿಯನ್ನು ಪೂರ್ತಿ ನಂಬಲಾಗದು. ೨೦೦೭ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಪರಿಶೀಲಿಸಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಕೆಟ್ಟುಹೋದ ಡಿಸ್ಕುಗಳಲ್ಲಿ ಅರ್ಧಕ್ಕಿಂತಲೂ ಹೆಚ್ಚಿನವು ನಾಲ್ಕು ಮುಖ್ಯ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಮೂರು ವರ್ಷ ದಾಟಿದ ಡಿಸ್ಕುಗಳಲ್ಲಿ ಮಾತ್ರ ಹೆಚ್ಚು ಸಲ ವಿದ್ಯುತ್ತು ಕೊಟ್ಟು ತೆಗೆದುದಕ್ಕೂ ಕೆಡುವುದಕ್ಕೂ ಸಂಬಂಧ ಕಂಡುಬಂದಿತು. ಹೊಸ ಡಿಸ್ಕು ತಾಳಿಕೊಳ್ಳುವುದನ್ನು ಹಳೆಯದು ತಾಳದು. ಆದಕಾರಣ ಮುಖ್ಯವಾದ ಬರಹಗಳ ಪ್ರತಿಯೊಂದು ಬೇರೆ ಕಡೆ ಇರಲೇಬೇಕು. ಅದಕ್ಕೆ ಯಾವ ಏರ್ಪಾಡೂ ಬದಲಿಯಲ್ಲ.

ವಾಚಕರು ತಮ್ಮ ಕಂಪ್ಯೂಟರಿನಲ್ಲಿ ಒಂದು ಪ್ರಯೋಗ ಮಾಡಿ ನೋಡಬಹುದು. ೧೯೩ನೆಯ ಸಾಲಿನ ಸಂಖ್ಯೆಯನ್ನು ಗುರುತುಹಾಕಿಕೊಂಡು, ಒಂದು ಗಂಟೆ ಎಂದಿನಂತೆ ಕೆಲಸ ಮಾಡಿ, ಮತ್ತೆ ಓದಿ ಕಳೆಯಿರಿ. ಡಿಸ್ಕಿನ ವಿವರಪತ್ರದಲ್ಲಿರುವ ಸಂಖ್ಯೆಯಿಂದ ಈಗಾಗಲೇ ಆಗಿರುವುದನ್ನು ಕಳೆದು, ಉಳಿದುದನ್ನು ಆ ಗಂಟೆಯ ಏರಿಕೆಯಿಂದ ಭಾಗಿಸಿರಿ. ಬಂದ ಗಂಟೆಗಳು ಸಾವಿರಗಳಲ್ಲಿದ್ದರೆ ಏರ್ಪಾಡನ್ನು ಬದಲಿಸಿರಿ; ಹತ್ತು ಸಾವಿರಗಳಲ್ಲಿದ್ದರೆ ಡಿಸ್ಕನ್ನು ಅದರ ಪಾಡಿಗೆ ಬಿಡಿರಿ.