ಪಾಳುಮನೆಯ ದೀಪವೂ ಅಮಾನತ್ತೇ

ದೇವನಹಳ್ಳಿಯ ಬಳಿ 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಆ ಸುತ್ತಿನ ಊರುಗಳ ಚಹರೆಯೇ ಬದಲಾಗಿದೆ. ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳಲ್ಲಿಯೂ ಹಳೆಯ ಮನೆಗಳು, ಮಗ್ಗದ ಶೆಡ್‌ಗಳು ಬಾಗಿಲು ಮುಚ್ಚಿ ಕೆಡವುವವರ ದಾರಿ ಕಾಯುತ್ತಿರುವುದನ್ನು ಕಾಣಬಹುದು. ಇಂತಹ ಕಟ್ಟಡಗಳ ಜಗುಲಿಯಲ್ಲೋ ಗೇಟಿನ ಕಂಬದಲ್ಲೋ ಹಳೆಯ ಕಾಲದ ಹೊರದೀಪಗಳು ಇನ್ನೂ ತೂಗುತ್ತಿರುತ್ತವೆ. ಎನಾಮಲ್ ಬಳಿದ ಕಬ್ಬಿಣದ ಮುಚ್ಚಳ, ಎರಕದ ಕಬ್ಬಿಣದ ಬಾಗಿದ ತೋಳು, ಹಿತ್ತಾಳೆಯ ಹೋಲ್ಡರ್, ತಂತಿಬಲೆಯೊಳಗಿನ ದಪ್ಪ ಗಾಜು - ಇವನ್ನು ಇಂದು ಹೋಟೆಲಿನವರೂ ಹೊಸ ಮನೆ ಕಟ್ಟುವವರೂ ಹುಡುಕಿಕೊಂಡು ಬಂದು ಕೊಳ್ಳುತ್ತಾರೆ. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಮೊದಲು ಬೆಳಗಿದ್ದು 1905ರಲ್ಲಿ. ಆ ಕಾಲದ ರೀತಿಯ ದೀಪಗಳ ಮೇಲೆ ಜನರಿಗೆ ಈಗ ಮತ್ತೆ ಮೋಹ ಹುಟ್ಟಿದೆ.

ಗುಜರಿ ಮತ್ತು ಎಲೆಕ್ಟ್ರಿಕಲ್ ಕೆಲಸದಲ್ಲಿ ನಮ್ಮ ಸಮುದಾಯದ ಅನೇಕರು ಇದ್ದಾರೆ. ಮಣ್ಣುಪಾಲಾಗುವ ವಸ್ತುವನ್ನು ಉಳಿಸಿ ಮತ್ತೆ ಉಪಯೋಗಕ್ಕೆ ತರುವುದು ಒಳ್ಳೆಯ ಕೆಲಸವೇ. ದುಂದುಗಾರರನ್ನು ಪವಿತ್ರ ಕುರ್‌ಆನ್ ಶೈತಾನನ ಸಹೋದರರೆಂದು ಕರೆದಿದೆ (17:27). ಆದರೆ ಆ ದೀಪಕ್ಕೆ ಕೈ ಹಚ್ಚುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಸಿಗಬೇಕು: ಯಾರ ಅನುಮತಿಯಿಂದ?

ಬಾಗಿಲು ಮತ್ತು ದೀಪ

ಸೂರಃ ಅನ್ನೂರ್‌ನ 35ನೆಯ ಸೂಕ್ತದಲ್ಲಿ ಗೂಡು, ಗಾಜು ಮತ್ತು ದೀಪದ ಪ್ರಸಿದ್ಧ ಉಪಮೆ ಇದೆ. ಅದೇ ಅಧ್ಯಾಯದಲ್ಲಿ, ಅದಕ್ಕಿಂತ ಮೊದಲೇ, 27ರಿಂದ 29ರ ವರೆಗಿನ ಸೂಕ್ತಗಳಲ್ಲಿ ಪರರ ಮನೆಯ ಬಾಗಿಲಿನ ಶಿಷ್ಟಾಚಾರವನ್ನು ಕಲಿಸಲಾಗಿದೆ. ಸಲಾಮ್ ಹೇಳಿ ಅನುಮತಿ ಪಡೆಯದೆ ಒಳಹೋಗಬಾರದು. ಮನೆಯಲ್ಲಿ ಯಾರೂ ಇಲ್ಲದಿದ್ದರೂ ಅನುಮತಿ ದೊರೆಯುವ ತನಕ ಒಳಹೋಗಬಾರದು. ಮರಳಿ ಹೋಗಿರೆಂದರೆ ಮರಳಬೇಕು. ಬೆಳಕನ್ನು ಬಯಸುವವನು ಮೊದಲು ಬಾಗಿಲ ಬಳಿ ನಿಲ್ಲಲು ಕಲಿಯಬೇಕು ಎಂಬ ಪಾಠವನ್ನು ನಾವು ಇದರಿಂದ ಪಡೆಯಬಹುದು.

ಯಾರೂ ವಾಸಿಸದ ಮನೆಗಳನ್ನು ಪ್ರವೇಶಿಸಲು 29ನೆಯ ಸೂಕ್ತದಲ್ಲಿ ರಿಯಾಯಿತಿ ಇದೆಯಲ್ಲವೇ ಎಂದು ಕೆಲವರು ಕೇಳಬಹುದು. ಛತ್ರ, ಅಂಗಡಿ ಮುಂತಾದ, ಜನರ ಉಪಯೋಗಕ್ಕೆಂದೇ ತೆರೆದಿಟ್ಟ ಸ್ಥಳಗಳು ಇಲ್ಲಿ ಉದ್ದೇಶವೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಅದೂ ಒಳಗೆ ಹೋಗಲು ಇರುವ ರಿಯಾಯಿತಿಯೇ ಹೊರತು ಗೋಡೆಯಲ್ಲಿರುವುದನ್ನು ಕಳಚಿಕೊಂಡು ಬರಲು ಅಲ್ಲ. ದಾರಿಯಲ್ಲಿ ಬಿದ್ದು ಸಿಕ್ಕಿದ ವಸ್ತುವಿನ ನಿಯಮವೂ ಇದಕ್ಕೆ ಅನ್ವಯಿಸದು. ಪಾಳುಮನೆಯ ದೀಪ ಕಳೆದುಹೋದ ವಸ್ತುವಲ್ಲ, ಅದು ಮಾಲಿಕನ ಗೋಡೆಯಲ್ಲಿಯೇ ಇದೆ. ವಿಚಾರಿಸಿದರೆ ಮಾಲಿಕನೂ ಸಿಗುತ್ತಾನೆ.

ಅನುಮತಿ ಕೊಡಬೇಕಾದವರು ಯಾರು?

ಕಾವಲುಗಾರನ ಕೈಗೆ ಐವತ್ತು ರೂಪಾಯಿ ಇಟ್ಟು ಪಡೆದದ್ದು ಅನುಮತಿಯಲ್ಲ. ತನ್ನದಲ್ಲದ್ದನ್ನು ಕೊಡುವ ಹಕ್ಕು ಅವನಿಗಿಲ್ಲ. ಕೆಡವುವ ಗುತ್ತಿಗೆದಾರನು ಕಟ್ಟಡದ ಸಾಮಾನನ್ನೂ ಸೇರಿಸಿ ಕೊಂಡಿದ್ದರೆ ಅವನೇ ಮಾಲಿಕ. ಕೂಲಿಗೆ ಮಾತ್ರ ಒಪ್ಪಿಕೊಂಡಿದ್ದರೆ ಅವನೂ ಮಾಲಿಕನಲ್ಲ. ಸರಕಾರಿ ಕಟ್ಟಡವಾದರೆ ಇಲಾಖೆಯ ಲಿಖಿತ ಆದೇಶವೋ ಹರಾಜೋ ಬೇಕು. ಟಿಪ್ಪು ಸುಲ್ತಾನರು ಜನಿಸಿದ ದೇವನಹಳ್ಳಿಯ ಕೋಟೆಯಂತಹ ಸಂರಕ್ಷಿತ ಸ್ಮಾರಕಗಳಿಂದ ಒಂದು ಕಲ್ಲನ್ನೂ ತೆಗೆಯುವಂತಿಲ್ಲ. ಮಸೀದಿ, ದರ್ಗಾಗಳ ಹಳೆಯ ದೀಪ ವಕ್ಫ್‌ನ ಸೊತ್ತಾಗಿದ್ದರೆ ಮುತವಲ್ಲಿಯು ತನ್ನಿಷ್ಟದಂತೆ ಅದನ್ನು ಯಾರಿಗೂ ಉಡುಗೊರೆ ಕೊಡಲಾರನು.

ಹೆಚ್ಚಾಗಿ ಎಡವುವುದು ಪಿತ್ರಾರ್ಜಿತ ಮನೆಯ ವಿಷಯದಲ್ಲಿ. ಒಂದು ಉದಾಹರಣೆ ನೋಡೋಣ. ತಂದೆ ತೀರಿಹೋಗಿದ್ದಾರೆ, ಮನೆ ಖಾಲಿ ಬಿದ್ದಿದೆ. ಹಿರಿಯ ಮಗ "ತೆಗೆದುಕೊಂಡು ಹೋಗಿ, ಹಳೇ ಸಾಮಾನು ತಾನೇ" ಎನ್ನುತ್ತಾನೆ. ಕೊಳ್ಳುವವನು ಸಂತೋಷದಿಂದ ಏಣಿ ತರುತ್ತಾನೆ. ಆದರೆ ಹೊಸಕೋಟೆಗೆ ಮದುವೆಯಾಗಿ ಹೋದ ತಂಗಿಯನ್ನು ಯಾರಾದರೂ ಕೇಳಿದರೇ? ತಂದೆತಾಯಿ ಬಿಟ್ಟುಹೋದುದರಲ್ಲಿ, ಅದು ಅಲ್ಪವಾಗಿರಲಿ ಅಧಿಕವಾಗಿರಲಿ, ಸ್ತ್ರೀಯರಿಗೂ ನಿಶ್ಚಿತ ಪಾಲಿದೆಯೆಂದು ಕುರ್‌ಆನ್ ಸಾರಿದೆ (4:7). ಜಗುಲಿಯ ದೀಪವೂ ಆ "ಅಲ್ಪ"ದಲ್ಲಿ ಸೇರಿದೆ. ವಾರಸುದಾರರಲ್ಲಿ ಅನಾಥ ಮಕ್ಕಳಿದ್ದರಂತೂ ವಿಷಯ ಇನ್ನೂ ಗಂಭೀರ. ಅನಾಥರ ಸೊತ್ತನ್ನು ಅನ್ಯಾಯವಾಗಿ ತಿನ್ನುವವರು ಹೊಟ್ಟೆಗೆ ಬೆಂಕಿ ತುಂಬಿಕೊಳ್ಳುತ್ತಾರೆಂಬ ಎಚ್ಚರಿಕೆ ನಮ್ಮ ಮುಂದಿದೆ (4:10). ಜಮೀನಿನ ಪಾಲು ಕೇಳಲು ಹಿಂಜರಿಯುವ ಸಹೋದರಿ ಒಂದು ದೀಪಕ್ಕಾಗಿ ಬಾಯಿ ತೆರೆಯಲಾರಳು. ಅವಳು ಕೇಳುವುದಿಲ್ಲವೆಂದೇ ನಾವು ಅವಳನ್ನು ಕೇಳಬೇಕು.

ಮಾಲಿಕರು ಯಾವ ಧರ್ಮದವರೆಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ತಮ್ಮನ್ನು ಊರುಬಿಡುವಂತೆ ಮಾಡಿದ ಮಕ್ಕಾದ ಜನರ ಅಮಾನತ್ತುಗಳನ್ನು ಹಿಂದಿರುಗಿಸಲಿಕ್ಕಾಗಿಯೇ ಪ್ರವಾದಿವರ್ಯರು(ಸ) ಹಿಜ್ರತ್‌ನ ವೇಳೆ ಹಝ್ರತ್ ಅಲೀ(ರ)ರನ್ನು ಅಲ್ಲಿ ಬಿಟ್ಟು ಹೋಗಿದ್ದರು.

ಬೆಲೆಯನ್ನು ಮುಚ್ಚಿಡಬಾರದು

ಅನುಮತಿ ಸಿಕ್ಕಿತೆಂದ ಮಾತ್ರಕ್ಕೆ ಎಲ್ಲವೂ ಹಲಾಲ್ ಆಗುವುದಿಲ್ಲ. ಪೇಟೆಯಲ್ಲಿ ಸಾವಿರಾರು ರೂಪಾಯಿ ತರುವ ದೀಪವೆಂದು ತಿಳಿದೂ ವಯಸ್ಸಾದ ವಿಧವೆಯೊಬ್ಬರಿಗೆ "ಅಮ್ಮಾ, ಇದು ಬರೀ ಕಬ್ಬಿಣ, ತೂಕಕ್ಕೆ ಹಾಕಬೇಕು" ಎಂದರೆ ಅದು ವ್ಯಾಪಾರವಲ್ಲ, ವಂಚನೆ. ಮನಃಪೂರ್ವಕ ಒಪ್ಪಿಗೆಯಿಲ್ಲದೆ ಇನ್ನೊಬ್ಬನ ಸೊತ್ತು ಧರ್ಮಸಮ್ಮತವಾಗದು. ಸುಳ್ಳು ಹೇಳಿ ಪಡೆದ ಒಪ್ಪಿಗೆ ಮನಃಪೂರ್ವಕ ಹೇಗಾದೀತು? ಲಾಭ ಬೇಡವೆಂದಲ್ಲ, ಇಳಿಸುವ, ಉಜ್ಜುವ, ಸಾಗಿಸುವ ಶ್ರಮಕ್ಕೆ ಲಾಭ ನ್ಯಾಯವೇ. "ಇದನ್ನು ದುರಸ್ತಿ ಮಾಡಿ ಮಾರುತ್ತೇನೆ, ಒಳ್ಳೆಯ ಬೆಲೆ ಬರಬಹುದು" ಎಂದು ತಿಳಿಸಿ ದರ ಕುದುರಿಸಬೇಕು. ಹಾಗೆಯೇ ಕೊಳ್ಳುವವರಿಗೆ ಗಾಜಿನ ಬಿರುಕನ್ನೂ ಹೊಸದಾಗಿ ಹಾಕಿದ ಭಾಗವನ್ನೂ ತೋರಿಸಬೇಕು. ಮೇಲೆ ಒಣಗಿದ ಧಾನ್ಯ, ಒಳಗೆ ಒದ್ದೆ ಧಾನ್ಯ ಇಟ್ಟಿದ್ದ ವ್ಯಾಪಾರಿಯನ್ನು ಪ್ರವಾದಿವರ್ಯರು(ಸ) ತಡೆದು ಎಚ್ಚರಿಸಿದ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ.

ಕೆಲಸದಲ್ಲಿಯೂ ಹೊಣೆ

ಇನ್ನೊಬ್ಬರಿಗೆ ಹಾನಿ ಮಾಡಬಾರದೆಂಬುದು ಶರೀಅತ್‌ನ ಮೂಲ ನಿಯಮ. ಖಾಲಿ ಮನೆಯಾದರೂ ವಿದ್ಯುತ್ ಸಂಪರ್ಕ ಇನ್ನೂ ಇರಬಹುದು. ಸ್ವಿಚ್ ಆರಿಸಿದರೆ ಸಾಲದು. ಮೀಟರಿನ ಬಳಿ ಸಂಪರ್ಕ ಕಡಿದು, ಎಲೆಕ್ಟ್ರಿಷಿಯನ್ ಟೆಸ್ಟರ್ ಇಟ್ಟು ನೋಡಿದ ಮೇಲೆಯೇ ಮುಟ್ಟಬೇಕು. ಹಳೆಯ ತಂತಿಗಳ ರಬ್ಬರ್ ಹೊದಿಕೆ ಪುಡಿಯಾಗಿರುತ್ತದೆ. ತುಕ್ಕು ಹಿಡಿದ ಸ್ಕ್ರೂಗಳಿಗೆ ಎಣ್ಣೆ ಬಿಟ್ಟು ಕಾದರೆ ಗೋಡೆಯೂ ಒಡೆಯದು, ಎರಕದ ಕಬ್ಬಿಣವೂ ಸೀಳದು. ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವವಿರುವುದರಿಂದ ಮಕ್ಕಳಿರುವಲ್ಲಿ ಒಣದಾಗಿ ಉಜ್ಜಬಾರದು. ಮನೆಗೆ ಹಾಕುವಾಗ ತಂತಿ, ಹೋಲ್ಡರ್ ಹೊಸದಿರಲಿ, ಲೋಹದ ದೀಪಕ್ಕೆ ಅರ್ತಿಂಗ್ ಇರಲಿ. ಯಾರಿಂದ, ಯಾವ ದಿನ, ಎಷ್ಟಕ್ಕೆ ಪಡೆದದ್ದೆಂದು ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿಸಿಕೊಂಡರೆ ಮುಂದೆ ಕಳ್ಳತನದ ಆರೋಪದಿಂದಲೂ ರಕ್ಷಣೆ.

ಖೈಬರ್‌ನ ಯುದ್ಧಸೊತ್ತಿನಿಂದ ಹಂಚಿಕೆಗೆ ಮೊದಲೇ ಒಂದು ಕಂಬಳಿ ತೆಗೆದುಕೊಂಡವನ ದುರ್ಗತಿಯನ್ನು ಪ್ರವಾದಿವರ್ಯರು(ಸ) ತಿಳಿಸಿದಾಗ, ಇನ್ನೊಬ್ಬನು ತಾನು ತೆಗೆದಿದ್ದ ಚಪ್ಪಲಿಯ ಪಟ್ಟಿಯನ್ನು ತಂದು ಮುಂದಿಟ್ಟನು. ಅದೂ ಬೆಂಕಿಯ ಪಟ್ಟಿಯೆಂದು ಅವರು(ಸ) ಹೇಳಿದರು. ಚಪ್ಪಲಿಯ ಪಟ್ಟಿಗೇ ವಿಚಾರಣೆಯಿದ್ದರೆ ದೀಪಕ್ಕೆ ಇಲ್ಲವೇ? ಇಂತಹ ಯಾವುದಾದರೂ ವಸ್ತು ನಮ್ಮ ಮನೆಯಲ್ಲಿದ್ದರೆ ಇಂದೇ ಅದರ ಮಾಲಿಕನನ್ನು ಹುಡುಕೋಣ. ಹಿಂದಿರುಗಿಸೋಣ, ಇಲ್ಲವೇ ಬೆಲೆ ಕೊಟ್ಟು ಮನಸ್ಸು ಒಪ್ಪಿಸೋಣ. ನಮ್ಮ ಜಗುಲಿಯಲ್ಲಿ ಉರಿಯುವ ದೀಪ ನಾಳೆ ನಮ್ಮ ವಿರುದ್ಧ ಸಾಕ್ಷಿಯಾಗದಂತೆ ಅಲ್ಲಾಹನು ನಮ್ಮೆಲ್ಲರನ್ನು ಕಾಪಾಡಲಿ. ಆಮೀನ್.