ಗುರುವಾರ ರಾತ್ರಿಯ ಬಸ್ಸು, ಶುಕ್ರವಾರದ ತಾರೀಖು

ಪುಟ್ಟಿ,

ನಿಮ್ಮ ಬಸ್ ಬುಕಿಂಗ್ ಎಐ ಏಜೆಂಟಿಗಾಗಿ ನೀನು ಬರೆದ ಟೂಲ್ ವಿವರಣೆಗಳು ತಲುಪಿದವು. "ಓದಿ ಹೇಳಿ, ಬೈಯಬೇಡಿ" ಅಂದಿದ್ದೀಯ. ಬೈಯುವುದಿಲ್ಲ, ಹಾಗಂತ ಸುಮ್ಮನೆ ಬಿಡುವುದೂ ಇಲ್ಲ. ರಿಸರ್ವೇಶನ್ ಕೌಂಟರಿನಲ್ಲಿ ಸರ್ವಿಸು ಮುಗಿಸಿದ ನನಗೆ ಕೋಡ್ ಎಲ್ಲಿ ಅರ್ಥವಾಗಬೇಕು ಅಂದುಕೊಂಡಿದ್ದೆ. ನೋಡಿದರೆ ಆ ಏಜೆಂಟಿಗೂ ನಿನ್ನ ಕೋಡ್ ಕಾಣುವುದಿಲ್ಲವಂತೆ! ಅದರ ಕೈಗೆ ಸಿಗುವುದು ಟೂಲಿನ ಹೆಸರು, ಕೆಳಗೆ ನೀನು ಬರೆದ ನಾಲ್ಕು ಸಾಲು, ಏನೇನು ತುಂಬಬೇಕೆಂಬ ಪಟ್ಟಿ, ಅಷ್ಟೇ. ಅಂದಮೇಲೆ ಓದುವ ಹಕ್ಕು ನನಗೂ ಉಂಟು.

"ಬಸ್ ಹುಡುಕು" ಎಂಬ ಟೂಲಿನಲ್ಲಿ "ದಿನಾಂಕ: ಪ್ರಯಾಣದ ದಿನಾಂಕ" ಅಂತ ಬರೆದು ಕೈತೊಳೆದುಕೊಂಡಿದ್ದೀಯ. ರಾತ್ರಿ ಹನ್ನೆರಡೂವರೆಗೆ ಹುಬ್ಬಳ್ಳಿಗೆ ಹೊರಡುವ ಬಸ್ಸೊಂದು ಇದೆ ಅನ್ನು. ಜನ ಅದನ್ನು ಗುರುವಾರ ರಾತ್ರಿ ಬಸ್ಸು ಅನ್ನುತ್ತಾರೆ, ಕ್ಯಾಲೆಂಡರು ಶುಕ್ರವಾರ ಅನ್ನುತ್ತದೆ. ಕೌಂಟರಿನಲ್ಲಿ ನಾವು, "ಗುರುವಾರದ ಊಟ ಮುಗಿಸ್ಕೊಂಡು ಹೊರಡೋದೋ, ಶುಕ್ರವಾರದ್ದೋ?" ಅಂತ ಕೇಳಿಬಿಡುತ್ತಿದ್ದೆವು. ನಿನ್ನ ಏಜೆಂಟು ಕೇಳದೆ ಊಹಿಸಿಬಿಟ್ಟರೆ ಪ್ರಯಾಣಿಕ ಸ್ಟ್ಯಾಂಡಿಗೆ ಬರುವ ಹೊತ್ತಿಗೆ ಅವನ ಬಸ್ಸು ಹೋಗಿ ಒಂದು ದಿನವಾಗಿರುತ್ತದೆ. ಹೀಗೆ ಬರೆದು ನೋಡು: "ಬಸ್ಸು ಹೊರಡುವ ಕ್ಯಾಲೆಂಡರ್ ದಿನ, ವರ್ಷ, ತಿಂಗಳು, ದಿನದ ಕ್ರಮದಲ್ಲಿ, ಉದಾಹರಣೆಗೆ 2025-11-07. ಮಧ್ಯರಾತ್ರಿ ದಾಟಿ ಹೊರಡುವ ಬಸ್ಸನ್ನು ಪ್ರಯಾಣಿಕರು ಹಿಂದಿನ ದಿನದ ಲೆಕ್ಕಕ್ಕೆ ಸೇರಿಸುವುದುಂಟು. ಅನುಮಾನ ಬಂದರೆ ಕೇಳು." ಇನ್ನು, ಬೆಂಗಳೂರನ್ನು ಗುರುವಾರ ರಾತ್ರಿ ಬಿಟ್ಟ ಬಸ್ಸು ದಾವಣಗೆರೆ ಮುಟ್ಟುವಾಗ ಶುಕ್ರವಾರವಾಗಿರುತ್ತದಲ್ಲ, ಅಲ್ಲಿ ಹತ್ತುವವನಿಗೆ ಯಾವ ತಾರೀಖು ಹಾಕಬೇಕು? ನಿಮ್ಮ ಸರ್ವರ್ ಒಪ್ಪುವುದು ಯಾವುದೆಂದು ನಿನಗೆ ಗೊತ್ತು. ಗೊತ್ತಿರುವುದರಿಂದಲೇ ಬರೆಯಲು ಮರೆತಿದ್ದೀಯ ಕಣೇ.

ಊರಿನ ಹೆಸರಿನದೂ ಇದೇ ಕಥೆ. 2014ರ ನವೆಂಬರ್ 1ರಿಂದ ಬಿಜಾಪುರ ವಿಜಯಪುರವಾಯಿತು. ದೇವನಹಳ್ಳಿ ತಾಲ್ಲೂಕಿನಲ್ಲಿ ಮೊದಲಿನಿಂದಲೂ ಒಂದು ವಿಜಯಪುರ ಇದ್ದೇ ಇದೆ. "ಎಲ್ಲಿಗೆ: ಊರು" ಅಂದರೆ ಏಜೆಂಟು ಯಾವುದನ್ನು ಹಿಡಿಯಬೇಕು? ಊರಿನ ಬದಲು ನಿಲ್ದಾಣದ ಕೋಡ್ ಕೇಳು. ಆ ಕೋಡ್ ಯಾವ ಟೂಲಿನಿಂದ ಸಿಗುತ್ತದೆಂಬುದನ್ನೂ ಅಲ್ಲೇ ಹೇಳು. ಹಳೆಯ ಹೆಸರು ಕೊಟ್ಟರೆ ನಡೆಯುತ್ತದೋ ಇಲ್ಲವೋ, ಅದೂ ಇರಲಿ.

"ಮೊತ್ತ: ಸಂಖ್ಯೆ" ಅಂತ ಇನ್ನೊಂದು ಕಡೆ. ರೂಪಾಯಿಯೋ ಪೈಸೆಯೋ? ಪಾವತಿ ಸೇವೆಯಾದ ರೇಜರ್‌ಪೇಗೆ ಐನೂರು ರೂಪಾಯಿಯನ್ನು 50000 ಎಂದು ಪೈಸೆಯಲ್ಲೇ ಕಳಿಸಬೇಕು. ಹೆಸರನ್ನೇ "ಮೊತ್ತ_ಪೈಸೆಯಲ್ಲಿ" ಎಂದಿಟ್ಟರೆ ವಾದವೇ ಇಲ್ಲ.

ಇದೆಲ್ಲ ಮುದುಕನ ಕಿರಿಕಿರಿ ಅನ್ನಬೇಡ. ಆಂತ್ರೋಪಿಕ್‌ನವರು 2025ರಲ್ಲಿ ಬರೆದದ್ದನ್ನು ನೀನೇ ಓದಿ ಹೇಳಿದ್ದೆ: ಅವರ ಎಐ ಕ್ಲಾಡ್ ವೆಬ್‌ನಲ್ಲಿ ಹುಡುಕುವಾಗ ಬೇಕಿಲ್ಲದೆ 2025 ಅಂತ ಸೇರಿಸುತ್ತಿತ್ತು, ಟೂಲಿನ ವಿವರಣೆಯನ್ನು ತಿದ್ದಿ ಅದನ್ನು ಸರಿದಾರಿಗೆ ತಂದರು ಅಂತ.

ಹಾಗಂತ ಪುರಾಣ ಬರೆಯಲು ಕೂರಬೇಡ. ಈ ವಿವರಣೆಗಳನ್ನೆಲ್ಲ ಏಜೆಂಟು ಪ್ರತಿ ಮಾತುಕತೆಯಲ್ಲೂ ಹೊತ್ತುಕೊಂಡೇ ಇರಬೇಕು. "ನಮ್ಮ ಅತ್ಯಾಧುನಿಕ ಹುಡುಕಾಟ ವ್ಯವಸ್ಥೆ" ಎಂಬ ಸಾಲು ಯಾರಿಗಾಗಿ? ಹೊಡೆದುಹಾಕು. "ಬಸ್ ಹುಡುಕು", "ಮಾರ್ಗ ಹುಡುಕು" ಎರಡೂ ಮಾಡುವುದು ಒಂದೇ ಕೆಲಸವಾದರೆ ಒಂದನ್ನು ತೆಗೆದುಬಿಡು. ತಪ್ಪಾದಾಗ ಬರೀ "ಎರರ್ 400" ಅಂತ ವಾಪಸ್ ಕೊಡುವ ಬದಲು "ದಿನಾಂಕ ಕಳೆದುಹೋಗಿದೆ, ಇಂದಿನದೋ ಮುಂದಿನದೋ ಕೊಡು" ಅಂದರೆ ಅದು ತಾನೇ ತಿದ್ದಿಕೊಂಡೀತು.

ನನ್ನ ನಿದ್ದೆಗೆಡಿಸಿದ್ದು ಕೊನೆಯ ಟೂಲು. "ಟಿಕೆಟ್ ರದ್ದು: ಟಿಕೆಟ್ ರದ್ದು ಮಾಡುತ್ತದೆ." ಕೌಂಟರಿಗೆ ಬಂದವರಲ್ಲಿ ಎಷ್ಟೋ ಜನ "ಕ್ಯಾನ್ಸಲ್ ಮಾಡಿದ್ರೆ ಎಷ್ಟು ಬರುತ್ತೆ ಸಾರ್?" ಅಂತ ಕೇಳಿಕೊಂಡು, ಲೆಕ್ಕ ಹಾಕಿ, ಬೇಡ ಬಿಡಿ ಅಂತ ಹೊರಟುಬಿಡುತ್ತಿದ್ದರು. ಅದೇ ಪ್ರಶ್ನೆ ನಿನ್ನ ಏಜೆಂಟಿಗೆ ಬಂದರೆ ಅದರ ಬಳಿ ಇರುವ ಹತ್ತಿರದ ಟೂಲು ಇದೊಂದೇ. ಉತ್ತರ ಕೊಡುವ ಉತ್ಸಾಹದಲ್ಲಿ ಟಿಕೆಟನ್ನೇ ರದ್ದು ಮಾಡಿ "ಇಷ್ಟು ಬರುತ್ತೆ" ಅಂದರೆ ಏನು ಮಾಡುತ್ತೀ? "ಇದು ನಿಜವಾಗಿ ರದ್ದು ಮಾಡುತ್ತದೆ, ಅದೇ ಸೀಟು ಮತ್ತೆ ಸಿಗುತ್ತದೆಂಬ ಖಾತ್ರಿಯಿಲ್ಲ, ಹಣ ಎಷ್ಟು ಬರುತ್ತದೆಂದು ತಿಳಿಯಲು ಇದನ್ನು ಬಳಸಬೇಡ" ಅಂತ ಬರೆ. ಬರೆದಮೇಲೂ ಅದನ್ನೇ ನಂಬಿ ಕೂರದೆ, ಪ್ರಯಾಣಿಕ ಒಪ್ಪದೆ ರದ್ದಾಗದಂತೆ ಕೋಡಿನಲ್ಲೇ ಒಂದು ತಡೆ ಇರಲಿ. ಬರೀ ಲೆಕ್ಕ ಹೇಳುವ ಟೂಲು ನಿನ್ನ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಮೊದಲು ಅದನ್ನು ಮಾಡು, ವಿವರಣೆ ಬರೆದು ನನಗೂ ಒಂದು ಪ್ರತಿ ಕಳಿಸು.



ಇಂತಿ,
ನಿನ್ನ ದೊಡ್ಡಪ್ಪ