ಮಲೇರಿಯಕ್ಕೆ ಡಿ.ಎನ್.ಎ. ಲಸಿಕೆ

ನೀರಾವರಿಯೂ ಮಲೇರಿಯವೂ ಹಳೆಯ ಜೊತೆಗಾರರು. 1930ರ ದಶಕದಲ್ಲಿ ಇರ್ವಿನ್ ನಾಲೆಯ ನೀರು ಮಂಡ್ಯದ ಸೀಮೆಗೆ ಹರಿದಾಗ ಚಳಿಜ್ವರವೂ ಅದರ ಬೆನ್ನಿಗೇ ಬಂದಿತು. ಭದ್ರಾ ನಾಲೆಯ ನೀರುಣ್ಣುವ ತ್ಯಾವಣಿಗೆಯ ಸುತ್ತಿನ ಬತ್ತದ ಗದ್ದೆಗಳನ್ನು ಕಂಡಾಗ, ಸೊಳ್ಳೆಯನ್ನು ಹೊಡೆದರಷ್ಟೇ ಸಾಕೆ, ಲಸಿಕೆ ಬೇಡವೆ ಎಂಬ ಪ್ರಶ್ನೆ ನಮ್ಮಲ್ಲಿ ಏಳುವುದು ಸಹಜ.

ಸಾಮಾನ್ಯ ಲಸಿಕೆಯಲ್ಲಿ ಸತ್ತ ಅಥವಾ ಬಲಗುಂದಿದ ರೋಗಾಣುವನ್ನೋ ಅದರ ಒಂದು ಪ್ರೋಟೀನನ್ನೋ ದೇಹಕ್ಕೆ ಕೊಡುತ್ತೇವೆ. ಡಿ.ಎನ್.ಎ. ಲಸಿಕೆಯಲ್ಲಿ ಕೊಡುವುದು ಆ ಪ್ರೋಟೀನನ್ನು ತಯಾರಿಸುವ ಬರಹವನ್ನು, ಅಂದರೆ ಜೀನನ್ನು, ಮಾತ್ರ. ಅಡಿಗೆಯನ್ನು ಕಳುಹಿಸದೆ ಅಡಿಗೆಯ ವಿಧಾನವನ್ನು ಬರೆದು ಕಳುಹಿಸಿದಂತೆ. ಬೇಯಿಸುವ ಕೆಲಸ ನಮ್ಮ ಜೀವಕಣಗಳದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಹುಚ್ಚುನಾಯಿ ರೋಗಕ್ಕೆ ಪ್ರಾಣಿಗಳಿಗಾಗಿ ಇಂತಹ ಲಸಿಕೆಯನ್ನು ರೂಪಿಸಿದರು. ಆದರೆ ಆ ವೈರಸ್ಸಿಗೆ ಇರುವುದು 5 ಜೀನುಗಳು. ಮಲೇರಿಯದ ಪರೋಪಜೀವಿಗೆ 5,000ಕ್ಕೂ ಹೆಚ್ಚು! ಸಾಲದೆಂಬಂತೆ ಅದು ಬಹುರೂಪಿ. ಸೊಳ್ಳೆ ಕಚ್ಚಿದಾಗ ಒಂದು ವೇಷ, ಯಕೃತ್ತಿನಲ್ಲಿ ಇನ್ನೊಂದು, ಕೆಂಪು ರಕ್ತಕಣದಲ್ಲಿ ಮತ್ತೊಂದು. ಹಲವು ವೇಷಗಳ ಜೀನುಗಳನ್ನು ಒಂದೇ ಸೀಸೆಯಲ್ಲಿ ಬೆರೆಸಬಹುದೆಂಬುದೇ ಡಿ.ಎನ್.ಎ. ಲಸಿಕೆಯ ಆಕರ್ಷಣೆ.

1994ರಲ್ಲಿ ಇಂತಹ ಲಸಿಕೆ ಕೆಲವು ಇಲಿಗಳನ್ನು ಇಲಿಮಲೇರಿಯದಿಂದ ಉಳಿಸಿತು. 1998ರಲ್ಲಿ ಮನುಷ್ಯರ ಮೇಲಿನ ಪರೀಕ್ಷೆ ಪ್ರಕಟವಾಯಿತು. ಸೋಂಕಿದ ಜೀವಕಣಗಳನ್ನು ಕೊಲ್ಲುವ ಬಿಳಿಯ ರಕ್ತಕಣಗಳು ಎಚ್ಚತ್ತವು. ಪ್ರತಿಕಾಯಗಳು ಮಾತ್ರ ಹುಟ್ಟಲಿಲ್ಲ.

ಬರಹವು ಒಳಗೆ ತಲುಪಬೇಕಲ್ಲ! ಇಲ್ಲಿ ಭೌತವಿಜ್ಞಾನಕ್ಕೆ ಕೆಲಸವುಂಟು. ಜೀವಕಣದ ಪೊರೆ ಸುಮಾರು 5 ನ್ಯಾನೊಮೀಟರ್ ದಪ್ಪದ ಎಣ್ಣೆಯಂತಹ ಪದರ. ಋಣ ವಿದ್ಯುದಂಶವುಳ್ಳ ಡಿ.ಎನ್.ಎ. ಅದನ್ನು ತಾನಾಗಿ ದಾಟಲಾರದು. ಪೊರೆಯ ಎರಡು ಬದಿಗಳ ನಡುವೆ ಕೇವಲ 1 ವೋಲ್ಟ್ ಅಂತರವಾಯಿತೆನ್ನಿ: ಮಿಲಿಮೀಟರಿಗೆ 2 ಲಕ್ಷ ವೋಲ್ಟಿನ ಕ್ಷೇತ್ರ! ಆಗ ಪೊರೆಯಲ್ಲಿ ಕ್ಷಣಕಾಲ ರಂಧ್ರಗಳು ತೆರೆದು ಡಿ.ಎನ್.ಎ. ಒಳಸೇರುತ್ತದೆ. ಸೂಜಿಯಿಲ್ಲದೆ ದ್ರವವನ್ನು ಚಿಮ್ಮಿಸುವುದು ಇನ್ನೊಂದು ಉಪಾಯ. ಭಾರತವು ಕೋವಿಡ್‌ಗೆಂದು 2021ರಲ್ಲಿ ತುರ್ತು ಅನುಮತಿ ಕೊಟ್ಟ ಡಿ.ಎನ್.ಎ. ಲಸಿಕೆಯನ್ನು ಚರ್ಮಕ್ಕೆ ಹಾಯಿಸಿದುದು ಹೀಗೆಯೇ.

ವಿಶ್ವ ಆರೋಗ್ಯ ಸಂಸ್ಥೆ 2021 ಮತ್ತು 2023ರಲ್ಲಿ ಮಕ್ಕಳಿಗೆ ಶಿಫಾರಸು ಮಾಡಿದ ಎರಡು ಮಲೇರಿಯ ಲಸಿಕೆಗಳೂ ಪ್ರೋಟೀನಿನವು. ಡಿ.ಎನ್.ಎ. ಮಾರ್ಗ ಹಿಂದೆ ಬಿದ್ದಿದೆಯೆಂದರೆ ಅನ್ಯಾಯವಾಗದು. ಮುಚ್ಚಿದೆಯೆನ್ನಲು ಮಾತ್ರ ನಾವು ಸಿದ್ಧರಿಲ್ಲ. ಪರೋಪಜೀವಿಯ ಎರಡು ಜೀನುಗಳನ್ನು ಮೊದಲು ಡಿ.ಎನ್.ಎ. ರೂಪದಲ್ಲಿಯೂ ಅನಂತರ ನಿರುಪದ್ರವಿಯಾಗಿ ಮಾಡಿದ ವೈರಸ್ಸೊಂದರ ಮೂಲಕವೂ ಕೊಟ್ಟ ಪರೀಕ್ಷೆಯೊಂದರ ಫಲ 2013ರಲ್ಲಿ ಪ್ರಕಟವಾಯಿತು. ಬಳಿಕ ಮಲೇರಿಯದ ಸೊಳ್ಳೆಗಳಿಂದ ಕಚ್ಚಿಸಿಕೊಂಡ 15 ಸ್ವಯಂಸೇವಕರಲ್ಲಿ 4 ಮಂದಿಗೆ ಸೋಂಕು ತಗಲಲಿಲ್ಲ.